ಮದ್ದು ಬಿಡುವವರೂ ಬೀಡಿ ಕಟ್ಟುವವರೂ: ನಮ್ಮ ಬಾನುಲಿಯ ಅನುಭವ

ನಾನು ಕಾರ್ಯಕ್ರಮ ಮಾಡುವುದು ದಕ್ಷಿಣ ಕನ್ನಡದ ಒಂದು ಸಮುದಾಯ ಬಾನುಲಿಯಲ್ಲಿ. ಮೊದಲು ಇಂಥ ಕೇಂದ್ರ ತೆರೆಯಲು ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶವಿತ್ತು. 2006ರ ನೀತಿ ಬಂದ ಮೇಲೆ ಸ್ವಯಂಸೇವಾ ಸಂಸ್ಥೆಗಳಿಗೂ ಸಿಕ್ಕಿತು. ನಮ್ಮದು ಸಣ್ಣ ಟ್ರಾನ್ಸ್‌ಮಿಟರ್. ಬಯಲಿದ್ದ ಕಡೆ ಹತ್ತು ಹನ್ನೆರಡು ಕಿಲೋಮೀಟರ್ ಕೇಳುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಇಷ್ಟು ಸಣ್ಣ ಜಾಗದಲ್ಲಿ ಊರವರ ಕೆಲಸಕ್ಕೆ ಬಾರದಿದ್ದರೆ ನಾವು ಇದ್ದೂ ಪ್ರಯೋಜನವಿಲ್ಲ ಎಂದು ನಾನು ನಂಬಿದ್ದೇನೆ.

ಅಡಿಕೆಗೆ ಮಹಾಳಿ, ಅಂದರೆ ಕೊಳೆರೋಗ, ಬರುವ ಊರು ನಮ್ಮದು. ಅದು ಒಮ್ಮೆ ಹಿಡಿದರೆ ಎಳೆಯ ಕಾಯಿ ರಾಶಿ ರಾಶಿ ಉದುರುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40–45 ದಿನಕ್ಕೆ ಇನ್ನೊಂದು ಸಲ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ಮದ್ದು ಬಿಡಬೇಕು, ಅಂದರೆ ಸಿಂಪಡಿಸಬೇಕು. ಈ ವಿಷಯಕ್ಕೆ ತಜ್ಞರನ್ನು ಸ್ಟುಡಿಯೋಕ್ಕೆ ಕರೆದು ಭಾಷಣ ಮಾಡಿಸುವುದು ಸುಲಭ. ನಾನು ರೆಕಾರ್ಡರ್ ಹಿಡಿದು ತೋಟಕ್ಕೇ ಹೋದೆ, ಮರ ಹತ್ತಿ ಮದ್ದು ಬಿಡುವವರ ಹತ್ತಿರ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ ಕರಗುತ್ತಿತ್ತು. ಇನ್ನೊಂದರಲ್ಲಿ ಒಂದು ಕಿಲೋ ಸುಣ್ಣ, ಅಷ್ಟೇ ನೀರು. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಲ್ಲಿ ಕದಡುತ್ತಿದ್ದರು.

"ಅಣ್ಣ, ಸುಣ್ಣ ಸಾಕಾ ಅಂತ ಹೇಗೆ ಗೊತ್ತಾಗುವುದು?"

"ಕತ್ತಿ ಅದ್ದಿ ನೋಡಿ ಅಕ್ಕ. ಅಲಗು ಕೆಂಪಾದ್ರೆ ಇನ್ನೂ ಸುಣ್ಣ ಬೇಕು."

ಅವರು ಕತ್ತಿ ಅದ್ದಿದ ಸದ್ದು, ಒರೆಸಿದ ಸದ್ದು, ಮತ್ತೆ ಸುಣ್ಣ ಸುರಿದದ್ದು, ಎಲ್ಲವನ್ನೂ ಹಾಗೆಯೇ ಇಟ್ಟೆ. ಕೇಳುಗರ ಸಂಶಯಗಳನ್ನು ಮಾತ್ರ ಬೇರೆ ಮಾಡಿ ವಿಟ್ಲದ ಸಿಪಿಸಿಆರ್‌ಐ (ಅಡಿಕೆ, ತೆಂಗಿನಂಥ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳ ಮುಂದಿಟ್ಟೆ. ಮೊದಲು ಕೈಯಲ್ಲಿ ಮಾಡುವವರ ಮಾತು, ಆಮೇಲೆ ತಜ್ಞರ ಉತ್ತರ. ಈ ಕ್ರಮವನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಮಳೆಗಾಲದಲ್ಲಿ ಬೇರೆಯೇ ಕೆಲಸ. ಸಮುದಾಯ ಬಾನುಲಿ ತನ್ನದೇ ವಾರ್ತೆ ಓದುವ ಹಾಗಿಲ್ಲ, ಆಕಾಶವಾಣಿಯದ್ದನ್ನು ಇದ್ದ ಹಾಗೆ ಹಾಕಬಹುದು ಅಷ್ಟೆ. ಆದರೆ ಹವಾಮಾನ, ಕರೆಂಟು, ನೀರು, ಪ್ರಕೃತಿ ವಿಕೋಪದ ಎಚ್ಚರಿಕೆಗಳನ್ನು ಸ್ಥಳೀಯಾಡಳಿತ ಕೊಟ್ಟಂತೆ ಹೇಳಲು ಅಡ್ಡಿಯಿಲ್ಲ. ಶಾಲೆಗೆ ರಜೆ ಅಂತ ವಾಟ್ಸ್ಆ್ಯಪ್ಪಿನಲ್ಲಿ ಹಳೇ ಆದೇಶ ಓಡಾಡುವ ದಿನ ಕಚೇರಿಗೆ ಫೋನ್ ಮಾಡಿ ಕೇಳಿಯೇ ಮೈಕ್ ತೆರೆಯುತ್ತೇವೆ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು ಮಧ್ಯಾಹ್ನದ ಹೊತ್ತು. ನಮ್ಮಲ್ಲಿ ಮನೆ ಮನೆಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ತಡ್ಪೆ (ಮೊರ), ಎರಡು ಕೈಗೂ ಕೆಲಸ, ಕಣ್ಣು ಎಲೆಯ ಮೇಲೆ. ಟಿವಿ ನೋಡಲು ಆಗುವುದಿಲ್ಲ, ಕಿವಿ ಮಾತ್ರ ಖಾಲಿ. ಅವರಿಗಾಗಿ ಕಾರ್ಯಕ್ರಮ ಮಾಡುವಾಗ ಯಾವ ಹೊತ್ತು ಬೇಕೆಂದು ಅವರನ್ನೇ ಕೇಳಿದೆ. ಊಟ ಮುಗಿದ ಮೇಲೆ, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಬೀಡಿ ಕೊಡಲು ಹೊರಡುವ ಮುಂಚೆ ಎಂದರು. ಏನು ಬೇಕು ಎಂದು ಕೇಳಿದಾಗ ಹಾಡು, ಅಡುಗೆ ಎಂದಾರು ಅಂದುಕೊಂಡಿದ್ದವರಿದ್ದರು. ಬಂದದ್ದು ಪಿಎಫ್, ಅಂದರೆ ಭವಿಷ್ಯನಿಧಿಯ ಪ್ರಶ್ನೆ. ಪಿಎಫ್ ಖಾತೆಯಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು. ಹುಟ್ಟಿದ ತಾರೀಖು ಎರಡರಲ್ಲೂ ಬೇರೆ. ವರ್ಷಗಟ್ಟಲೆ ಕಟ್ಟಿದ ದುಡ್ಡು ಕೈಗೆ ಬರುತ್ತಿಲ್ಲ.

ಇಂಥ ತಪ್ಪು ತಿದ್ದಿಸಲು ಜಾಯಿಂಟ್ ಡಿಕ್ಲರೇಷನ್ ಎಂಬ ಅರ್ಜಿ ಇದೆ, ಅದಕ್ಕೆ ಆಗ ಕಾರ್ಮಿಕರ ಜೊತೆ ಮಾಲೀಕರ ಕಡೆಯ ಒಪ್ಪಿಗೆಯೂ ಬೇಕಿತ್ತು, ಜೊತೆಗೆ ದಾಖಲೆ ಇಡಬೇಕಿತ್ತು. ಇದನ್ನು ತುಳುವಿನಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಬೇರೆ ಬೇರೆ ದಿನ ಹೇಳಿಸಿದೆವು. ಹೇಳಿದ್ದು ನಾನಲ್ಲ, ಹಾಗೆ ಹೆಸರು ಸರಿ ಮಾಡಿಸಿಕೊಂಡಿದ್ದ ಒಬ್ಬ ಬೀಡಿ ಕಾರ್ಮಿಕೆ. ಯಾವ ಕಾಗದ ಮೊದಲು ಕೇಳಿದರು, ಎಲ್ಲಿ ವಾಪಸ್ ಕಳಿಸಿದರು, ಎರಡನೇ ಸಲ ಹೋಗುವಾಗ ಯಾರನ್ನು ಜೊತೆಗೆ ಕರಕೊಂಡು ಹೋದರು, ಎಲ್ಲ ಬಿಡಿಸಿ ಹೇಳಿದರು. ಮಾರನೆಯ ದಿನದಿಂದ ಫೋನುಗಳು ಅವರನ್ನೇ ಕೇಳಿಕೊಂಡು ಬಂದವು.

ಈಗ ಆ ಅರ್ಧ ಗಂಟೆಗೆ ಪ್ರಶ್ನೆ ಆರಿಸುವುದು, ಯಾರನ್ನು ಮಾತಾಡಿಸಬೇಕೆಂದು ತೀರ್ಮಾನಿಸುವುದು ಆ ಹೆಂಗಸರೇ. ಸದ್ಯಕ್ಕೆ ಗಂಡ ತೀರಿಕೊಂಡವರ ಪಿಂಚಣಿಯ ವಿಷಯ ಹಿಡಿದಿದ್ದಾರೆ, ನಾನು ರೆಕಾರ್ಡರ್ ಹಿಡಿದು ಅವರು ಕರೆದಲ್ಲಿಗೆ ಹೋಗುತ್ತಿದ್ದೇನೆ.