ಜರ್ನಲ್‌ನಿಂದ ನೀರಿನ ಪೇಪರ್ ರಿವ್ಯೂಗೆ ಬಂದ್ರ ಹೆಂಗ ನೋಡ್ಬೇಕು

ಧಾರವಾಡ-ಹುಬ್ಬಳ್ಳಿ ಕಡೆ ನೀರಿನ ಮ್ಯಾಲೆ ರಿಸರ್ಚ್ ಮಾಡೋರು ಈಗ ಭಾಳ ಮಂದಿ ಅದಾರ, ಕೃಷಿ ವಿಶ್ವವಿದ್ಯಾಲಯದಾಗ, ಐಐಟಿಯಾಗ, ಕರ್ನಾಟಕ ವಿಶ್ವವಿದ್ಯಾಲಯದ ಜಿಯಾಲಜಿಯೊಳಗ, ಇಂಜಿನಿಯರಿಂಗ್ ಕಾಲೇಜುಗಳೊಳಗ. ಒಂದೆರಡು ಪೇಪರ್ ಹೊರಗ ಬಂದ್ವು ಅಂದ್ರ ಸಾಕು, ಯಾವುದೋ ಜರ್ನಲ್ ಎಡಿಟರ್ ಕಡಿಂದ ಮೇಲ್ ಬರ್ತೈತಿ, ಇದೊಂದು ಪೇಪರ್ ರಿವ್ಯೂ ಮಾಡಿಕೊಡ್ರಿ, ಅಂದ್ರ ಛಾಪಿಸೋಕಿಂತ ಮೊದ್ಲು ಓದಿ ತಪ್ಪು-ಒಪ್ಪು ಹೇಳ್ರಿ ಅಂತ. ಪೇಪರ್ ಬರಿಯೋದನ್ನ ಗೈಡ್ ಕಲಿಸ್ತಾರ, ರಿವ್ಯೂ ಮಾಡೋದನ್ನ ಯಾರೂ ಕೂಡಿಸಿ ಕಲಿಸಂಗಿಲ್ಲ, ಹಂಗಾಗಿ ಎಷ್ಟೋ ಮಂದಿ ಸ್ಪೆಲ್ಲಿಂಗ್ ತಪ್ಪೈತಿ, ಮ್ಯಾಪ್ ಮಸುಕೈತಿ, ಇಂಗ್ಲಿಷ್ ಸುಧಾರಿಸ್ರಿ ಅಂತ ನಾಕು ಸಾಲು ಬರ್ದು ಕೈ ತೊಳ್ಕೋತಾರ. ನೀರಿನ ಪೇಪರ್‌ನ್ಯಾಗ ಮೊದ್ಲು ನೋಡ್ಬೇಕಾದದ್ದು ನೀರಿನ ಲೆಕ್ಕ, ಭಾಷೆ ಆಮ್ಯಾಲೆ.

ಮೇಲ್ ಬಂದ ಕೂಡ್ಲೇ ಹೂಂ ಅನ್ನಬ್ಯಾಡ್ರಿ. ಅಬ್‌ಸ್ಟ್ರಾಕ್ಟ್ ಓದ್ರಿ, ವಿಷಯ ನಿಮಗ ಗೊತ್ತಿದ್ದದ್ದೇನು, ಕೊಟ್ಟ ಟೈಮಿನಾಗ ಮುಗಿಸ್ತೀರೇನು ನೋಡ್ಕೋರಿ, ಸಾಮಾನ್ಯವಾಗಿ ಎರಡರಿಂದ ನಾಕು ವಾರ ಕೊಡ್ತಾರ. ಬರ್ದೋರು ನಿಮ್ಮ ಗೈಡ್ ಆಗಿದ್ರ, ನಿಮ್ಮ ಡಿಪಾರ್ಟ್‌ಮೆಂಟಿನವರಾಗಿದ್ರ, ಇತ್ತೀಚೆಗೆ ನಿಮ್ಮ ಸಂಗಟ ಪೇಪರ್ ಬರ್ದೋರಾಗಿದ್ರ ಎಡಿಟರ್‌ಗೆ ತಿಳಿಸಿ ಹಿಂದ ಸರೀರಿ. ಆಗೂದಿಲ್ಲಂದ್ರ ಅವತ್ತೇ ಆಗೂದಿಲ್ಲಂತ ಹೇಳಿ, ಮಾಡಬಲ್ಲವರ ಹೆಸರು ಇದ್ರ ಕೊಡ್ರಿ. ಸುಮ್ನೆ ಕುಂತ್ರ ಅತ್ಲಾಗ ಒಬ್ಬ ಸ್ಕಾಲರ್‌ನ ಡಿಗ್ರಿನ ನಿಂತಿರ್ತೈತಿ, ಇದು ಮನಸಿನ್ಯಾಗ ಇರ್ಲಿ. ಮೂರು ದಿನದಾಗ ಪಬ್ಲಿಶ್ ಮಾಡ್ತೀವಿ, ರೊಕ್ಕ ಕಳಿಸ್ರಿ ಅನ್ನೋ ಜರ್ನಲ್ ಆಗಿದ್ರ ಉತ್ತರಾನ ಕೊಡಬ್ಯಾಡ್ರಿ.

ಪದ್ಧತಿ ಒಂದೊಂದು ಕಡೆ ಒಂದೊಂದು ನಮೂನಿ. 1965ರಾಗ ಶುರುವಾದ ವಾಟರ್ ರಿಸೋರ್ಸಸ್ ರಿಸರ್ಚ್‌ನಂಥಾ ಜರ್ನಲ್‌ನ್ಯಾಗ ಎಡಿಟರ್ ಕೆಳಗ ಅಸೋಸಿಯೇಟ್ ಎಡಿಟರ್ ಇರ್ತಾರ, ರಿವ್ಯೂ ಒಳಗಿಂದೊಳಗ ನಡೀತೈತಿ. ಯುರೋಪಿನ ಹೈಡ್ರಾಲಜಿ ಆ್ಯಂಡ್ ಅರ್ಥ್ ಸಿಸ್ಟಮ್ ಸೈನ್ಸಸ್‌ನ್ಯಾಗ ನೀವು ಬರ್ದ ಕಾಮೆಂಟ್ ಎಲ್ಲಾರಿಗೂ ಕಾಣೂ ಹಂಗ ಆನ್‌ಲೈನ್ ಬರ್ತೈತಿ, ಹೆಸರು ಹಾಕೋದು ಬಿಡೋದು ನಿಮಗ ಬಿಟ್ಟದ್ದು. ಹೊಸಬ್ರು ಅಲ್ಲಿ ಹಳೇ ರಿವ್ಯೂಗಳನ್ನ ಕುಂತು ಓದ್ರಿ, ಅಷ್ಟು ಚೊಲೋ ಪಾಠ ಬ್ಯಾರೆ ಎಲ್ಲೂ ಫ್ರೀ ಸಿಗಂಗಿಲ್ಲ.

ಈಗ ಪೇಪರ್ ತಗೀರಿ. ನಾ ಮೊದ್ಲ ಬರೇ ಟೇಬಲ್ ನೋಡ್ತೀನಿ, ಕೈಯಾಗ ಕ್ಯಾಲ್ಕುಲೇಟರ್ ಇರ್ತೈತಿ. ಜಲಾನಯನ 100 ಚದರ ಕಿಮೀ, ವರ್ಷದ ಮಳಿ 700 ಮಿಮೀ ಅಂತ ಬರ್ದಿದ್ದಾರ ಅನ್ರಿ, ಗುಣಿಸಿದ್ರ ಒಟ್ಟು ಬಿದ್ದ ನೀರು 70 ಮಿಲಿಯನ್ ಕ್ಯುಬಿಕ್ ಮೀಟರ್, ನಮ್ಮ ಇಂಜಿನಿಯರ್ ಭಾಷಾದಾಗ ಸುಮಾರು ಎರಡೂವರಿ ಟಿಎಂಸಿ. ಮುಂದಿನ ಪುಟದಾಗ ಹಳ್ಳದಾಗ ಹರಿದು ಹೋದದ್ದು 80 ಅಂತಿದ್ರ ಅಲ್ಲೇ ನಿಂದರ್ರಿ, ಬಿದ್ದದ್ದಕ್ಕಿಂತ ಹರಿದದ್ದು ಹೆಚ್ಚು ಹೆಂಗಾತು? ಹೊರಗಿಂದ ಕಾಲುವಿ ನೀರು ಬಂದಿರಬಹುದು, ಯುನಿಟ್ ತಪ್ಪಿರಬಹುದು, ಮಳಿಮಾಪನ ಕೇಂದ್ರ ಒಂದೇ ಇದ್ದು ಮಳಿ ಕಡಿಮಿ ಲೆಕ್ಕ ಆಗಿರಬಹುದು. ಯಾವುದು ಅನ್ನೋದನ್ನ ನೀವು ಹೇಳಬೇಕಾಗಿಲ್ಲ, ಕೇಳಿದ್ರ ಸಾಕು.

ಅಂತರ್ಜಲದ ಪೇಪರ್ ಇದ್ರ ಅಯಾನ್ ಬ್ಯಾಲೆನ್ಸ್ ಹಾಕ್ರಿ, ಅಂದ್ರ ನೀರಿನಾಗ ಕರಗಿದ ಪ್ಲಸ್ ಚಾರ್ಜಿನವು, ಮೈನಸ್ ಚಾರ್ಜಿನವು ಒಂದಕ್ಕೊಂದು ಸರಿ ಆಗ್ತಾವೇನು ನೋಡ್ರಿ, ಬಿಡಬ್ಯಾಡ್ರಿ. ಒಂದು ಬೋರ್‌ವೆಲ್ ಸ್ಯಾಂಪಲ್ ತಗೋರಿ: ಲೀಟರ್‌ಗೆ ಕ್ಯಾಲ್ಸಿಯಂ 80 ಮಿಗ್ರಾಂ, ಮೆಗ್ನೀಷಿಯಂ 36, ಸೋಡಿಯಂ 115. ಮಿಲಿಈಕ್ವಿವಲೆಂಟ್‌ಗೆ (ಚಾರ್ಜಿನ ಲೆಕ್ಕಕ್ಕ) ತಂದ್ರ 4, 3, 5, ಕೂಡಿಸಿದ್ರ ಪ್ಲಸ್ ಕಡೆ 12. ಇತ್ಲಾಗ ಬೈಕಾರ್ಬೊನೇಟ್ 244, ಕ್ಲೋರೈಡ್ 142, ಸಲ್ಫೇಟ್ 96, ಅಂದ್ರ 4, 4, 2, ಕೂಡಿ ಮೈನಸ್ ಕಡೆ 10. ವ್ಯತ್ಯಾಸ 2ನ್ನ ಒಟ್ಟು 22ರಿಂದ ಭಾಗಿಸಿದ್ರ 9 ಪರ್ಸೆಂಟ್ ದಾಟ್ತೈತಿ, ಸಾಮಾನ್ಯವಾಗಿ 5ರ ಒಳಗ ಇರ್ಬೇಕು. ಲ್ಯಾಬ್ ತಪ್ಪು ಅಂತ ತಟ್ನೆ ಬರೀಬ್ಯಾಡ್ರಿ, ಟೇಬಲ್‌ನ್ಯಾಗ ನೈಟ್ರೇಟ್ ಕಾಲಮ್ ಐತೇನು ನೋಡ್ರಿ. ಹಳ್ಳಿ ಬೋರ್‌ವೆಲ್ ನೀರಿನಾಗ ನೈಟ್ರೇಟ್ 124 ಮಿಗ್ರಾಂ ಇತ್ತಂದ್ರ ಅದ ಆ ಕಡಿಮಿ ಬಿದ್ದ ಎರಡು. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಕಿದ ನೈಟ್ರೇಟ್ ಮಿತಿ 45, ಅಂದ್ರ ಪೇಪರ್ ಬಿಟ್ಟ ಸಂಗತಿನ ಆ ಊರಿನ ಮಂದಿಗೆ ಎಲ್ಲಕ್ಕಿಂತ ದೊಡ್ಡದಿರಬಹುದು. ಇಂಥದ್ದೊಂದು ಸಾಲಿಗೆ ರಿವ್ಯೂರ್ ಅನ್ನೋರು ಬೇಕು.

ಫ್ಲೋರೈಡ್ ಮ್ಯಾಲೆ ಗದಗ, ಮುಂಡರಗಿ ಕಡಿಂದ ಭಾಳ ಪೇಪರ್ ಬರ್ತಾವ. ಮಿತಿ 1 ಮಿಗ್ರಾಂ, ಬ್ಯಾರೆ ನೀರಿಲ್ಲದ ಕಡೆ 1.5 ತನಕ ನಡೀತೈತಿ, ಇದನ್ನ ಎರಡೂ ಬರೀದ ಒಂದೇ ನಂಬರ್ ಹಿಡ್ಕೊಂಡು ಎಷ್ಟು ಹಳ್ಳಿ ಅಪಾಯದಾಗ ಅದಾವಂತ ಮ್ಯಾಪ್ ಹಾಕಿಬಿಡ್ತಾರ. ಇನ್ನೊಂದು, ಫ್ಲೋರೈಡ್ ಜಾಸ್ತಿ ಇದ್ದ ನೀರಿನಾಗ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮಿ ಇರ್ತೈತಿ. ಎರಡೂ ಜಾಸ್ತಿ ತೋರ್ಸಿದ್ರ ಯಾಕಂತ ಕೇಳ್ರಿ.

ಕಂಪ್ಯೂಟರ್ ಮಾಡೆಲ್ ಹಾಕಿ ಹಳ್ಳದ ಹರಿವು ಲೆಕ್ಕ ಮಾಡೋ ಪೇಪರ್‌ಗಳಂತೂ ಈಗ ಮಳಿಗಾಲದ ಅಣಬಿ ಇದ್ದಂಗ. ನ್ಯಾಶ್-ಸಟ್‌ಕ್ಲಿಫ್ ನಂಬರ್ (ಮಾಡೆಲಿನ ಹರಿವು ಅಳೆದ ಹರಿವಿಗೆ ಎಷ್ಟು ಹೊಂದ್ತೈತಿ ಅನ್ನೋ ಅಳತಿ) 0.8 ಬಂತು, ಮಾಡೆಲ್ ಚೊಲೋ ಐತಿ ಅಂತ ಬರ್ದಿರ್ತಾರ. 1 ಅಂದ್ರ ಪೂರಾ ಹೊಂದಿಕಿ, 0 ಅಂದ್ರ ಬರೇ ಸರಾಸರಿ ಹಿಡ್ಕೊಂಡು ಕುಂತ್ರೂ ಅಷ್ಟ ಬರ್ತಿತ್ತು ಅಂತ. ಆದ್ರ ಬೆಣ್ಣಿಹಳ್ಳದಂಗ ಬ್ಯಾಸಿಗಿಯಾಗ ಒಣಗಿ ಮಳಿಗಾಲದಾಗ ಉಕ್ಕೋ ಹಳ್ಳಕ್ಕ ಸರಾಸರಿಗಿಂತ ಚೊಲೋ ಮಾಡೋದು ದೊಡ್ಡ ಕೆಲಸಲ್ಲ, ಹಳ್ಳ ಬಂದ ದಿನದ ಎತ್ತರ ತಪ್ಪಿದ್ರೂ ನಂಬರ್ ಚೆಂದ ಕಾಣಬಹುದು. ಹೈಡ್ರೋಗ್ರಾಫ್ (ಹೊತ್ತಿಗೆ ತಕ್ಕಂಗ ಹರಿವು ತೋರಿಸೋ ಗ್ರಾಫ್) ತೋರಿಸ್ರಿ ಅನ್ರಿ, ಮಾಡೆಲ್ ಹೊಂದಿಸಿದ ವರ್ಷ ಬ್ಯಾರೆ, ಪರೀಕ್ಷಿಸಿದ ವರ್ಷ ಬ್ಯಾರೆ ಅದಾವೇನು ಕೇಳ್ರಿ.

ಇಲ್ಲೇ ನಮ್ಮ ಭಾಗದವರ ಬೆಲಿ ಇರೋದು. ನವಿಲುತೀರ್ಥ ಡ್ಯಾಮಿನ ಕೆಳಗಿನ ಮಲಪ್ರಭಾ ಹರಿವನ್ನ ನೈಸರ್ಗಿಕ ಹರಿವು ಅಂತ ಯಾರರೇ ಬರ್ದ್ರ, ಅಥವಾ ರೋಣದ ಕಡೆ ಬಂದ ಪ್ರವಾಹಕ್ಕೆಲ್ಲಾ ಡ್ಯಾಮಿನ ಗೇಟೇ ಕಾರಣ ಅಂತ ಬರ್ದ್ರ, ದೂರದ ಊರಿನ ರಿವ್ಯೂರ್ ಹೂಂ ಅಂದುಬಿಡಬಹುದು. ಬೆಣ್ಣಿಹಳ್ಳ ಶಿಗ್ಗಾಂವಿ ಕಡಿಂದ ಹುಟ್ಟಿ, ನವಲಗುಂದ ಸೀಮಿ ದಾಟಿ, ಈ ಡ್ಯಾಮಿನ ಕೆಳಗ ಮಲಪ್ರಭಾ ಹೊಳಿ ಸೇರ್ತೈತಿ, ಅದರ ನೀರಿಗೂ ಡ್ಯಾಮಿನ ಗೇಟಿಗೂ ಸಂಬಂಧಿಲ್ಲ ಅಂತ ನಿಮಗ ಗೊತ್ತೈತಿ. ಯರಿ ಭೂಮಿ ಬ್ಯಾಸಿಗಿಯಾಗ ಬಿರುಕು ಬಿಟ್ಟು ಮೊದಲ ಮಳಿನ ಕುಡ್ದುಬಿಡ್ತೈತಿ, ಆಮ್ಯಾಲೆ ಉಬ್ಬಿ ಬಿರುಕು ಮುಚ್ಕೊಂಡು ನೀರು ಮ್ಯಾಲಿಂದನ ಹರೀತೈತಿ, ಇಡೀ ಸೀಜನ್‌ಗೆ ಒಂದೇ ಕರ್ವ್ ನಂಬರ್ (ಬಿದ್ದ ಮಳಿಯಾಗ ಎಷ್ಟು ಮ್ಯಾಲೆ ಹರೀತೈತಿ ಅಂತ ಲೆಕ್ಕ ಹಾಕೋ ಅಂಕಿ) ಹಾಕಿದವರಿಗೆ ಇದನ್ನ ಹೇಳೋರು ಯಾರು? ನೀವ. ಧೈರ್ಯವಾಗಿ ಬರೀರಿ, ಆದ್ರ ನಮ್ಮೂರು ನಂಗ ಗೊತ್ತು ಅಂತಲ್ಲ, ಮ್ಯಾಪ್, ಡೇಟಾ ತೋರ್ಸಿ.

ವರದಿ ಬರಿಯೋವಾಗ ಪೇಪರ್ ಏನು ಹೇಳ್ತೈತಿ ಅಂತ ಮೊದ್ಲು ನಿಮ್ಮ ಮಾತಿನ್ಯಾಗ ಮೂರ್ನಾಕು ಸಾಲು ಬರೀರಿ, ನೀವು ಓದೀರಿ ಅಂತ ಎಡಿಟರ್‌ಗೂ ಬರ್ದವ್ರಿಗೂ ಗೊತ್ತಾಗ್ತೈತಿ. ಆಮ್ಯಾಲೆ ದೊಡ್ಡ ತಕರಾರು, ಸಾಲು ನಂಬರ್ ಹಾಕಿ, ಏನು ತಪ್ಪು ಮತ್ತ ಏನು ಮಾಡಿದ್ರ ಸರಿ ಆಗ್ತೈತಿ ಎರಡೂ. ಸಣ್ಣವು ಕೊನಿಗೆ. ವಿಧಾನ ಸರಿ ಇಲ್ಲ ಅಂತ ಒಂದೇ ಸಾಲು ಬರ್ದು ಬಿಡೋದು ರಿವ್ಯೂ ಅಲ್ಲ. ನನ್ನ ಪೇಪರ್ ಸೈಟ್ ಮಾಡ್ರಿ (ಉಲ್ಲೇಖಿಸ್ರಿ) ಅಂತ ಒತ್ತಾಯ ಮಾಡೋ ಚಟ ಭಾಳ ಕಡೆ ಐತಿ, ಅದು ದರೋಡಿ, ಮಾಡಬ್ಯಾಡ್ರಿ. ಡೇಟಾ ಕೇಳಿದ್ರ ಕೊಡ್ತೀವಿ ಅಂತ ಬರ್ದಿದ್ರ ಎಲ್ಲಿ ಇಟ್ಟಾರಂತ ಕೇಳ್ರಿ. ಪೇಪರ್ ಗುಟ್ಟಿನದು, ಚಾಟ್‌ಜಿಪಿಟಿಗೆ ಹಾಕಿ ರಿವ್ಯೂ ಬರಸಬ್ಯಾಡ್ರಿ, ಹಂಗ ಅಪ್‌ಲೋಡ್ ಮಾಡೋದನ್ನ ದೊಡ್ಡ ಪಬ್ಲಿಷರ್‌ಗಳು ಬ್ಯಾಡ ಅಂತ ನಿಯಮನ ಮಾಡ್ಯಾರ. ಕದ್ದ ಡೇಟಾ ಅಂತ ಸಂಶಯ ಬಂದ್ರ ಎಡಿಟರ್‌ಗೆ ಅಷ್ಟ ಇರೋ ಬಾಕ್ಸ್‌ನ್ಯಾಗ ಬರೀರಿ. ಮೈನರ್ (ಸಣ್ಣ ತಿದ್ದುಪಡಿ), ಮೇಜರ್ (ದೊಡ್ಡ ತಿದ್ದುಪಡಿ), ರಿಜೆಕ್ಟ್ ಅಂತ ನೀವು ಸಲಹಾ ಕೊಡ್ತೀರಿ, ತೀರ್ಮಾನ ಎಡಿಟರ್‌ದು.

ತಿದ್ದಿದ ಪೇಪರ್ ಎರಡನೇ ಸಲ ಬಂದಾಗ ಉತ್ತರದ ಪತ್ರ ಮುಂದಿಟ್ಕೊಂಡು, ನೀವು ಕೇಳಿದ್ದು ಒಂದೊಂದು ಆಗೇತೇನು ಅಷ್ಟ ನೋಡ್ರಿ. ಬರ್ದವ್ರು ನಿಮ್ಮ ಮಾತು ಒಪ್ಪದೇ, ಡೇಟಾ ತೋರ್ಸಿ ಎದುರು ಉತ್ತರ ಕೊಟ್ಟಿದ್ರ, ಅದು ಸರಿ ಇದ್ರ ಒಪ್ಕೋರಿ. ಹೊಸಾ ತಕರಾರು ಹುಡುಕಿ ಮೂರನೇ ಸುತ್ತು ತಿರುಗಿಸಬ್ಯಾಡ್ರಿ, ಟೈಮಿಗೆ ಕಳಿಸಿಬಿಡ್ರಿ.