ಅಮೆರಿಕದ ಎಲ್‌ಎಲ್‌ಎಂ ಪ್ರವೇಶಕ್ಕೆ ದಾಖಲೆ ಕಳುಹಿಸುವ ಬಗೆ

ನಮ್ಮಲ್ಲಿ ಯಾವುದೇ ಅರ್ಜಿ ಹಾಕುವಾಗ ಅಂಕಪಟ್ಟಿಗಳ ಝೆರಾಕ್ಸ್ ತೆಗೆಸಿ, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ, ಮೂಲ ಪ್ರತಿಗಳ ಫೈಲನ್ನು ಕಂಕುಳಲ್ಲಿಟ್ಟುಕೊಂಡು ನಾವೇ ಕೌಂಟರಿನ ಮುಂದೆ ನಿಲ್ಲುತ್ತೇವೆ. ಅಮೆರಿಕದ ಕಾನೂನು ಶಾಲೆಗಳಿಗೆ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ ಓದಲು ಅರ್ಜಿ ಹಾಕುವವರು ಮೊದಲು ಬಿಡಬೇಕಾದದ್ದು ಈ ರೂಢಿಯನ್ನು. ಅಲ್ಲಿನ ಪದ್ಧತಿಯಲ್ಲಿ ಅಂಕಗಳ ದಾಖಲೆಯನ್ನು ವಿಶ್ವವಿದ್ಯಾಲಯವೇ ಕಳುಹಿಸಬೇಕು, ಶಿಫಾರಸು ಪತ್ರವನ್ನು ಬರೆದವರೇ ಕಳುಹಿಸಬೇಕು, ಇಂಗ್ಲಿಷ್ ಪರೀಕ್ಷೆಯ ಅಂಕವನ್ನು ಪರೀಕ್ಷೆ ನಡೆಸಿದ ಸಂಸ್ಥೆಯೇ ತಲುಪಿಸಬೇಕು. ಅರ್ಜಿದಾರನ ಕೈ ತಾಗಿದ ಕಾಗದವನ್ನು ಅವರು ನಂಬುವುದಿಲ್ಲ. ಹೀಗಾಗಿ ನಮ್ಮ ಶ್ರಮದ ಬಹುಪಾಲು ಬೇರೆಯವರ ಮೇಜಿನಿಂದ ಸಕಾಲಕ್ಕೆ ಕಾಗದ ಹೊರಡುವಂತೆ ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ.

ಕರ್ನಾಟಕದಲ್ಲಿ ಮೂರು ವರ್ಷದ ಎಲ್‌ಎಲ್‌ಬಿಯನ್ನೋ ಐದು ವರ್ಷದ ಸಂಯುಕ್ತ ಪದವಿಯನ್ನೋ ಮುಗಿಸಿದವರನ್ನು, ಇಲ್ಲವೇ ಮುಗಿಸುವ ಹಂತದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ಅನೇಕ ಕಾನೂನು ಶಾಲೆಗಳು ವಿದೇಶಿ ಅರ್ಜಿದಾರರ ದಾಖಲೆಗಳನ್ನು ಪೆನ್ಸಿಲ್ವೇನಿಯಾ ರಾಜ್ಯದ ನ್ಯೂಟೌನ್‌ನಲ್ಲಿರುವ ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್, ಅಂದರೆ ಎಲ್‌ಎಸ್‌ಎಸಿ ಮೂಲಕ ತರಿಸಿಕೊಳ್ಳುತ್ತವೆ. ನೀವು ಐದು ಶಾಲೆಗೆ ಅರ್ಜಿ ಹಾಕಿದರೂ ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿಶ್ವವಿದ್ಯಾಲಯ ಕೊಡುವ ಅಂಕಗಳ ಒಟ್ಟು ದಾಖಲೆ, ಅಲ್ಲಿಗೆ ಒಮ್ಮೆ ತಲುಪಿದರೆ ಸಾಕು. ಅವರು ಅದನ್ನು ಪರಿಶೀಲಿಸಿ, ಮೌಲ್ಯಮಾಪನದ ವರದಿ ಸೇರಿಸಿ, ನೀವು ಸೂಚಿಸಿದ ಶಾಲೆಗಳಿಗೆಲ್ಲ ಕಳುಹಿಸುತ್ತಾರೆ. ಎಲ್ಲ ಶಾಲೆಗಳೂ ಈ ದಾರಿಯನ್ನೇ ಅನುಸರಿಸುವುದಿಲ್ಲವಾದ್ದರಿಂದ ಪ್ರತಿಯೊಂದು ಶಾಲೆಯ ಎಲ್‌ಎಲ್‌ಎಂ ಪುಟವನ್ನು ಬೇರೆಬೇರೆಯಾಗಿ ಓದಿಕೊಳ್ಳಬೇಕು. ಬ್ರಿಟನ್ನಿನ ರೀತಿ ಬೇರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಅರ್ಜಿಯ ಹಂತದಲ್ಲಿ ಅಂಕಪಟ್ಟಿಯ ಸ್ಕ್ಯಾನ್ ಪ್ರತಿಯನ್ನು ನೀವೇ ಜಾಲತಾಣಕ್ಕೆ ಏರಿಸಬಹುದು; ಕಟ್ಟುನಿಟ್ಟಿನ ಪರಿಶೀಲನೆ ಸೀಟು ಸಿಕ್ಕ ಮೇಲೆ ಬರುತ್ತದೆ.

ತರಗತಿಗಳು ಆಗಸ್ಟ್ ಹೊತ್ತಿಗೆ ಆರಂಭವಾಗುತ್ತವೆ. ಅರ್ಜಿಯ ಕೊನೆಯ ದಿನಾಂಕ ಬಹಳಷ್ಟು ಕಡೆ ಹಿಂದಿನ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಬೀಳುತ್ತದೆ. ದಸರಾ ರಜೆ, ದೀಪಾವಳಿ, ಪರೀಕ್ಷಾ ವಿಭಾಗದ ಮೌಲ್ಯಮಾಪನದ ಗಡಿಬಿಡಿ ಇವೆಲ್ಲ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಬರುವುದರಿಂದ ವಿಶ್ವವಿದ್ಯಾಲಯದ ಕೆಲಸವನ್ನು ಜೂನ್ ಅಥವಾ ಜುಲೈನಲ್ಲಿಯೇ ಹಿಡಿಯುವುದು ಒಳ್ಳೆಯದು. ಅರ್ಜಿಯ ಪ್ರಬಂಧವನ್ನು ಕೊನೆಯ ವಾರದಲ್ಲಿ ಬರೆದು ಪಾರಾದವರಿದ್ದಾರೆ. ಟ್ರಾನ್ಸ್‌ಕ್ರಿಪ್ಟನ್ನು ಕೊನೆಯ ವಾರದಲ್ಲಿ ತರಿಸಿ ಪಾರಾದವರನ್ನು ನಾನು ಕಂಡಿಲ್ಲ.

ಮೊದಲ ಕೆಲಸ ಹೆಸರನ್ನು ಸರಿಪಡಿಸಿಕೊಳ್ಳುವುದು. ಇದು ಸಣ್ಣದಾಗಿ ಕಂಡರೂ ನಮ್ಮ ಕಡೆಯವರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತಾ ಎಂ. ಎನ್.’ ಎಂದಿರುತ್ತದೆ, ಪದವಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದಕ್ಕೆ ಬಂದು ‘ಎಂ. ಎನ್. ಸವಿತಾ’ ಆಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಆ ಎರಡು ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿ ನಿಂತಿರುತ್ತವೆ. ನಮಗೆ ಮೂರೂ ಒಬ್ಬರೇ ಎಂದು ನೋಡಿದೊಡನೆ ತಿಳಿಯುತ್ತದೆ, ನ್ಯೂಟೌನಿನಲ್ಲಿ ಲಕೋಟೆ ಬಿಚ್ಚುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ಎಲ್‌ಎಸ್‌ಎಸಿ ಖಾತೆ ತೆರೆಯುವಾಗ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರ ತಪ್ಪದಂತೆ ಕೊಟ್ಟು, ದಾಖಲೆಗಳಲ್ಲಿರುವ ಬೇರೆ ರೂಪಗಳನ್ನು ಇತರ ಹೆಸರುಗಳಿಗೆಂದೇ ಇರುವ ಜಾಗದಲ್ಲಿ ತುಂಬಬೇಕು. ಶಿಫಾರಸು ಬರೆಯುವವರಿಗೂ ಇಂಗ್ಲಿಷ್ ಪರೀಕ್ಷೆಯ ನೋಂದಣಿಗೂ ಅದೇ ಪಾಸ್‌ಪೋರ್ಟ್ ಹೆಸರನ್ನು ಕೊಡಬೇಕು. ಎಲ್ಲ ರೂಪಗಳೂ ಒಬ್ಬರದೇ ಎಂದು ಹೇಳುವ ಒಂದು ಇಂಗ್ಲಿಷ್ ಅಫಿಡವಿಟ್ಟನ್ನು ನೋಟರಿಯ ಮುಂದೆ ಮಾಡಿಸಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಸರಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ಹೀಗಾಗುವುದು ಬೇಡವೆನ್ನುವವರು ಪಾಸ್‌ಪೋರ್ಟ್ ತಿದ್ದುಪಡಿಯನ್ನು ಅರ್ಜಿಗೆ ಮೊದಲೇ ಮುಗಿಸಿಕೊಳ್ಳಬೇಕು, ನಡುವೆ ಅಲ್ಲ.

ಎರಡನೆಯದು ಟ್ರಾನ್ಸ್‌ಕ್ರಿಪ್ಟ್. ಸೆಮಿಸ್ಟರಿಗೊಂದರಂತೆ ನಿಮ್ಮ ಬಳಿ ಇರುವ ಅಂಕಪಟ್ಟಿಗಳು ಟ್ರಾನ್ಸ್‌ಕ್ರಿಪ್ಟ್ ಅಲ್ಲ. ಎಲ್ಲ ಸೆಮಿಸ್ಟರುಗಳ ವಿಷಯ, ಅಂಕ, ಓದಿದ ಅವಧಿ, ಪದವಿ ಪಡೆದ ದಿನಾಂಕಗಳನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯ ಕೊಡುವ ದಾಖಲೆಯೇ ಟ್ರಾನ್ಸ್‌ಕ್ರಿಪ್ಟ್. ಅದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ರಾಜ್ಯದ ಬಹುಪಾಲು ಕಾನೂನು ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದಕ್ಕೂ ಹಿಂದೆ ಓದಿದವರು ಬೆಂಗಳೂರು, ಮೈಸೂರು, ಧಾರವಾಡ ಮುಂತಾದ ತಮ್ಮ ಹಳೆಯ ವಿಶ್ವವಿದ್ಯಾಲಯವನ್ನೇ ಕೇಳಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನವರಿಗೆ ಈ ಅಲೆದಾಟವಿಲ್ಲ, ಅವರ ಶಾಲೆಯೇ ವಿಶ್ವವಿದ್ಯಾಲಯ. ಉಳಿದವರಿಗೆ ಪದವಿ ಕೊಡುವುದು ವಿಶ್ವವಿದ್ಯಾಲಯವಾದ್ದರಿಂದ, ಕಾಲೇಜಿನ ಪ್ರಾಂಶುಪಾಲರ ಮೊಹರು ಇದಕ್ಕೆ ಸಾಲದೆಂದೇ ತಿಳಿದು ಹೊರಡಬೇಕು. ಬಿಕಾಂ ಅಥವಾ ಬಿಎ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಓದಿದವರು ಆ ಮೊದಲ ಪದವಿಯ ಟ್ರಾನ್ಸ್‌ಕ್ರಿಪ್ಟನ್ನೂ ತರಿಸಬೇಕಾಗುತ್ತದೆ. ಎರಡು ವಿಶ್ವವಿದ್ಯಾಲಯ, ಎರಡು ಊರು, ಎರಡು ಚಲನ್. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಸಾಮಾನ್ಯವಾಗಿ ಕೇಳುವುದಿಲ್ಲ.

ನಿಮ್ಮ ಎಲ್‌ಎಸ್‌ಎಸಿ ಖಾತೆಯೊಳಗೆ ಪ್ರತಿ ವಿದ್ಯಾಸಂಸ್ಥೆಗೂ ಒಂದರಂತೆ ಟ್ರಾನ್ಸ್‌ಕ್ರಿಪ್ಟ್ ಕೋರಿಕೆ ನಮೂನೆ ಸಿಗುತ್ತದೆ. ಅದರ ಮೇಲೆ ನಿಮ್ಮ ಖಾತೆ ಸಂಖ್ಯೆ ಇರುತ್ತದೆ. ಅದು ಲಕೋಟೆಯ ಒಳಗೆ ಹೋಗದಿದ್ದರೆ ಅಲ್ಲಿ ತಲುಪಿದ ಕಾಗದ ಯಾರದೆಂದು ಹುಡುಕುವುದರಲ್ಲೇ ವಾರಗಳು ಕಳೆಯುತ್ತವೆ. ವಿಶ್ವವಿದ್ಯಾಲಯದ ಅರ್ಜಿಯ ಜೊತೆ ಈ ನಮೂನೆಯನ್ನೂ, ನ್ಯೂಟೌನಿನ ವಿಳಾಸ ಟೈಪ್ ಮಾಡಿದ ಲಕೋಟೆಯನ್ನೂ ಪಿನ್ ಮಾಡಿ ಕೊಡಿ. ಟ್ರಾನ್ಸ್‌ಕ್ರಿಪ್ಟಿನೊಂದಿಗೆ ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿಯನ್ನೂ, ಘಟಿಕೋತ್ಸವ ಇನ್ನೂ ಆಗಿಲ್ಲದಿದ್ದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರದ ಪ್ರತಿಯನ್ನೂ ಅದೇ ಲಕೋಟೆಗೆ ಸೇರಿಸಲು ಕೋರಬೇಕು. ಮರುಮೌಲ್ಯಮಾಪನದಲ್ಲಿ ಅಂಕ ಬದಲಾದವರು ಟ್ರಾನ್ಸ್‌ಕ್ರಿಪ್ಟಿನ ಕರಡನ್ನು ತೋರಿಸುವಂತೆ ಕೇಳಿ ಹೊಸ ಅಂಕವೇ ಬಂದಿದೆಯೇ ಎಂದು ನೋಡಿಕೊಳ್ಳಿ. ಲಕೋಟೆ ಮುಚ್ಚಿದ ಮೇಲೆ ನೋಡುವಂತಿಲ್ಲ.

ಲಕೋಟೆಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅಂಟು ಹಾಕಿದ ಮಡಿಕೆಯ ಮೇಲೆ ಪರೀಕ್ಷಾ ವಿಭಾಗದ ಮುದ್ರೆ ಬೀಳಬೇಕು, ಅದರ ಅರ್ಧ ಮಡಿಕೆಯ ಮೇಲೆ ಅರ್ಧ ಲಕೋಟೆಯ ಮೈಮೇಲೆ. ಅಧಿಕಾರಿಯ ಸಹಿಯೂ ಹಾಗೆಯೇ ಗೆರೆಯನ್ನು ದಾಟಬೇಕು. ವಿಶ್ವವಿದ್ಯಾಲಯವೇ ಅಂಚೆಗೆ ಹಾಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ವಿದೇಶಕ್ಕೆ ನಾವು ಕಳುಹಿಸುವುದಿಲ್ಲ ಎಂದು ಹೇಳಿ ಮೊಹರಾದ ಲಕೋಟೆಯನ್ನು ಕೈಗೆ ಕೊಟ್ಟರೆ, ಎಲ್‌ಎಸ್‌ಎಸಿಗೆ ಪರಿಸ್ಥಿತಿಯನ್ನು ಇಮೇಲಿನಲ್ಲಿ ವಿವರಿಸಿ, ಹಾಗೆಯೇ ಮುಚ್ಚಿ ಕಳುಹಿಸಲು ಒಪ್ಪಿಗೆ ಪಡೆದು ಮುಂದುವರಿಯಬೇಕು. ನಾನು ಅರ್ಜಿ ಹಾಕಿದ ವರ್ಷ ಹೀಗೆ ಒಪ್ಪಿಗೆ ಪಡೆದು, ಎರಡು ದಿನದ ಓಡಾಟದಲ್ಲಿ ಸಿಕ್ಕ ಲಕೋಟೆಯನ್ನು ಕೊರಿಯರ್ ಅಂಗಡಿಯೊಂದಕ್ಕೆ ಕೊಂಡೊಯ್ದೆ. ಆಧಾರ್ ಪ್ರತಿ ತೆಗೆಯಲು ನಾನು ಪಕ್ಕದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ವಿದೇಶಕ್ಕೆ ಹೋಗುವ ಪಾರ್ಸಲಿನ ಒಳಗೇನಿದೆ ಎಂದು ನೋಡುವುದು ತನ್ನ ಕರ್ತವ್ಯವೆಂದು ತಿಳಿದ ಹುಡುಗ ಬ್ಲೇಡಿನಿಂದ ಮುದ್ರೆಯ ನಡುವೆಯೇ ಸೀಳಿ, ಕಾಗದಗಳನ್ನು ನೀಟಾಗಿ ಜೋಡಿಸಿ, ಪಾರದರ್ಶಕ ಟೇಪನ್ನೂ ಅಂಟಿಸಿ ಇಟ್ಟಿದ್ದ. ಅವನ ಮೇಲೆ ಸಿಟ್ಟಾಗುವುದಕ್ಕೂ ಆಗಲಿಲ್ಲ. ಅವನಿಗೆ ಹೇಳಬೇಕಾದ್ದನ್ನು ನಾನು ಹೇಳಿರಲಿಲ್ಲ. ಮತ್ತೆ ಚಲನ್, ಮತ್ತೆ ಕೌಂಟರ್. ಆಮೇಲಿಂದ ನಾನು ಎಲ್ಲರಿಗೂ ಹೇಳುವುದು ಹೀಗೆ: ಮೊಹರಾದ ಲಕೋಟೆಯನ್ನು ಮುಚ್ಚದ ಒಂದು ದೊಡ್ಡ ಕವರಿನೊಳಗೆ ಇಟ್ಟು, ಒಳಗಿರುವ ಕಾಗದಗಳ ಪಟ್ಟಿಯನ್ನೂ ಎಲ್‌ಎಸ್‌ಎಸಿಯ ಒಪ್ಪಿಗೆಯ ಪ್ರತಿಯನ್ನೂ ಹೊರಗೆ ಕಾಣುವಂತೆ ಹಚ್ಚಿ, ಕವರು ನಿಮ್ಮ ಕಣ್ಣ ಮುಂದೆಯೇ ಅಂಟುವ ತನಕ ಅಲ್ಲಿಂದ ಕದಲಬೇಡಿ.

ಒಂದೇ ಸಲಕ್ಕೆ ಮೂರು ಲಕೋಟೆ ಮಾಡಿಸಿಕೊಳ್ಳುವುದು ಜಾಣತನ. ಒಂದು ಎಲ್‌ಎಸ್‌ಎಸಿಗೆ, ಇನ್ನೊಂದು ಪ್ರತ್ಯೇಕವಾಗಿ ಕೇಳುವ ಶಾಲೆಗೆ, ಮೂರನೆಯದು ಕೈಯಲ್ಲಿ. ನ್ಯೂಯಾರ್ಕಿನಲ್ಲಿ ವಕೀಲಿಕೆಯ ಪರೀಕ್ಷೆ ಬರೆಯುವ ಯೋಚನೆಯಿರುವವರು ಇನ್ನೂ ಒಂದು ಸುತ್ತಿಗೆ ಸಿದ್ಧರಿರಬೇಕು. ಅಲ್ಲಿನ 520.6ನೆಯ ನಿಯಮದಡಿ ವಿದೇಶಿ ಕಾನೂನು ಪದವೀಧರರ ಅರ್ಹತೆಯನ್ನು ನ್ಯೂಯಾರ್ಕಿನ ಪರೀಕ್ಷಾ ಮಂಡಳಿ ತಾನೇ ನೋಡುತ್ತದೆ, ಎಲ್‌ಎಸ್‌ಎಸಿಯಲ್ಲಿ ಇರುವ ಪ್ರತಿ ಅದಕ್ಕೆ ಸಾಗುವುದಿಲ್ಲ, ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ಮತ್ತೊಮ್ಮೆ ನೇರವಾಗಿ ಹೋಗಬೇಕು. ಎಲ್‌ಎಲ್‌ಎಂನ ಮೂಲಕ ಅರ್ಹತೆ ಪಡೆಯುವವರ ಕೋರ್ಸು ಕನಿಷ್ಠ 24 ಕ್ರೆಡಿಟ್‌ಗಳದ್ದಾಗಿರಬೇಕೆಂಬುದನ್ನೂ ಶಾಲೆ ಆರಿಸುವಾಗಲೇ ಗಮನಿಸಿ.

ಅಂಕಗಳನ್ನು ನೀವೇ ಅಮೆರಿಕದ ನಾಲ್ಕರ ಮಾಪನಕ್ಕೆ, ಅಂದರೆ ಗರಿಷ್ಠ ನಾಲ್ಕು ಇರುವ ಗ್ರೇಡ್ ಲೆಕ್ಕಕ್ಕೆ, ಇಳಿಸಿ ಬರೆಯಬೇಡಿ. ಶೇಕಡಾ 62 ಇದ್ದರೆ ಶೇಕಡಾ 62 ಎಂದೇ ಇರಲಿ. ಕಾನೂನು ಪರೀಕ್ಷೆಗಳಲ್ಲಿ 60 ದಾಟಿದರೆ ಪ್ರಥಮ ದರ್ಜೆ ಎಂಬುದು ಅಲ್ಲಿನವರಿಗೆ ಮೇಲ್ನೋಟಕ್ಕೆ ಹೊಳೆಯಲಾರದು. ಅದನ್ನು ಹೇಳಬೇಕಾದವರು ಶಿಫಾರಸು ಪತ್ರ ಬರೆಯುವ ಅಧ್ಯಾಪಕರು. ತರಗತಿಯ 120 ಜನರಲ್ಲಿ ಈ ವಿದ್ಯಾರ್ಥಿ ಮೊದಲ ಐವರೊಳಗೆ ಇದ್ದರು ಎಂಬ ಒಂದು ವಾಕ್ಯ, ಪುಟ ತುಂಬ ಬರೆದ ಹೊಗಳಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬ್ಯಾಕ್‌ಲಾಗ್ ಇದ್ದರೆ ಮುಚ್ಚಿಡಬಾರದು. ಟ್ರಾನ್ಸ್‌ಕ್ರಿಪ್ಟ್ ಅದನ್ನು ಹೇಗೂ ಹೇಳುತ್ತದೆ. ಕಾರಣವನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಮುಗಿಯಿತು.

ಶಿಫಾರಸು ಪತ್ರಗಳು ಸಾಮಾನ್ಯವಾಗಿ ಎರಡು ಬೇಕಾಗುತ್ತವೆ. ಪಾಠ ಹೇಳಿದವರದೊಂದು ಇರಲೇಬೇಕು; ವೃತ್ತಿಯಲ್ಲಿರುವವರು ತಮ್ಮ ಸೀನಿಯರ್ ವಕೀಲರಿಂದ ಇನ್ನೊಂದನ್ನು ಪಡೆಯಬಹುದು. ನ್ಯಾಯಾಧೀಶರ, ಮಂತ್ರಿಗಳ ಪರಿಚಯವಿದೆಯೆಂದು ಅವರ ಬಳಿಗೆ ಓಡುವುದು ವ್ಯರ್ಥ, ನಿಮ್ಮ ಬರವಣಿಗೆಯನ್ನು ಓದಿ ತಿದ್ದಿದವರ ಮಾತಿಗೇ ಅಲ್ಲಿ ತೂಕ. ನಮ್ಮ ಕಾಲೇಜುಗಳಲ್ಲಿ ‘ನೀನೇ ಬರೆದುಕೊಂಡು ಬಾರಪ್ಪ, ಸಹಿ ಹಾಕುತ್ತೇನೆ’ ಎನ್ನುವ ಮೇಷ್ಟ್ರು ಕಡಿಮೆಯಿಲ್ಲ. ಅದನ್ನು ಒಪ್ಪಿಕೊಳ್ಳಬೇಡಿ. ಬದಲಿಗೆ ನಿಮ್ಮ ರೆಸ್ಯೂಮೆ, ಅವರ ವಿಷಯದಲ್ಲಿ ಬಂದ ಅಂಕ, ಅವರಿಗೆ ಒಪ್ಪಿಸಿದ ಒಂದು ಪ್ರಬಂಧ, ಮೂಟ್ ಕೋರ್ಟಿನ (ಅಣಕು ನ್ಯಾಯಾಲಯದ) ವಿವರ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅವರಿಗೂ ಬರೆಯುವುದು ಸುಲಭವಾಗುತ್ತದೆ. ಪತ್ರ ಏರಿಸಲು ಎಲ್‌ಎಸ್‌ಎಸಿಯಿಂದ ಅವರಿಗೇ ಇಮೇಲ್ ಬರುತ್ತದೆ, ಅನೇಕ ಸಲ ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ. ಹೋಗಿ ಪಕ್ಕದಲ್ಲಿ ಕುಳಿತು ಆ ಇಮೇಲನ್ನು ಹುಡುಕಿಕೊಡುವುದರಲ್ಲಿ ತಪ್ಪಿಲ್ಲ. ಪತ್ರವನ್ನು ನೀವು ಏರಿಸಬಾರದು, ಅಷ್ಟೆ. ಕೊನೆಯ ದಿನಾಂಕವನ್ನು ಅವರಿಗೆ ಎರಡು ವಾರ ಮುಂಚಿತವಾಗಿಯೇ ಹೇಳಿ. ಪತ್ರ ಖಾತೆಗೆ ಬಂದ ಮೇಲೂ ನಿಮಗೊಂದು ಕೆಲಸ ಉಳಿದಿದೆ: ಯಾವ ಪತ್ರ ಯಾವ ಶಾಲೆಗೆ ಎಂದು ನೀವೇ ಖಾತೆಯಲ್ಲಿ ಗೊತ್ತುಮಾಡಬೇಕು. ಇದನ್ನು ಮರೆತು, ಪತ್ರ ಬಂದಿದೆಯಲ್ಲ ಎಂದು ನಿಶ್ಚಿಂತೆಯಿಂದ ಕುಳಿತವರಿದ್ದಾರೆ.

ಇಂಗ್ಲಿಷ್ ಪರೀಕ್ಷೆಯ ವಿಷಯದಲ್ಲಿ ನಮ್ಮ ರಾಜ್ಯದವರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಕೆಲವು ಶಾಲೆಗಳು ಟೋಫೆಲ್ ಅಥವಾ ಐಇಎಲ್‌ಟಿಎಸ್‌ನಿಂದ ವಿನಾಯಿತಿ ಕೊಡುತ್ತವೆ. ಅದಕ್ಕೆ ಬೋಧನಾ ಮಾಧ್ಯಮದ ಪ್ರಮಾಣಪತ್ರ ಬೇಕು. ಆದರೆ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ, ಹಾಗೆ ಬರೆದು ಒಳ್ಳೆಯ ಅಂಕ ಪಡೆದವರೂ ಇದ್ದಾರೆ. ಅಂಥವರು ಇಂಗ್ಲಿಷ್ ಮಾಧ್ಯಮವೆಂದು ಪ್ರಮಾಣಪತ್ರ ಬರೆಸುವ ಗೋಜಿಗೆ ಹೋಗದೆ ಪರೀಕ್ಷೆ ಬರೆದುಬಿಡುವುದು ಪ್ರಾಮಾಣಿಕವೂ ಹೌದು, ಸುಲಭವೂ ಹೌದು. ಅಂಕಗಳು ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತವೆ.

ನೀವೇ ಏರಿಸುವ ಕಾಗದಗಳು ಎರಡೇ: ರೆಸ್ಯೂಮೆ ಮತ್ತು ಉದ್ದೇಶ ತಿಳಿಸುವ ಪ್ರಬಂಧ. ರೆಸ್ಯೂಮೆಯಲ್ಲಿ ನಮ್ಮ ಬಯೋಡೇಟಾದ ತಂದೆಯ ಹೆಸರು, ಜಾತಿ, ಧರ್ಮ, ವೈವಾಹಿಕ ಸ್ಥಿತಿ, ಫೋಟೋ ಯಾವುದೂ ಬೇಡ. ಪ್ರಬಂಧದಲ್ಲಿ ಶಾಲೆ ಹಾಕಿದ ಪದಮಿತಿಯನ್ನು ಮೀರಬೇಡಿ. ಏರಿಸುವ ಮುನ್ನ ಒಂದು ಶಾಲೆಯ ಹೆಸರು ಇನ್ನೊಂದಕ್ಕೆ ಹೋಗುವ ಪ್ರಬಂಧದಲ್ಲಿ ಉಳಿದಿಲ್ಲವೆಂದು ಹುಡುಕಿ ನೋಡಿ.

ಸೀಟು ಸಿಕ್ಕ ಮೇಲೆ ಹಣದ ದಾಖಲೆಗಳ ಸರದಿ. ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ಶಾಲೆ ಕೊಡಬೇಕಾದರೆ ಮೊದಲ ವರ್ಷದ ಶುಲ್ಕ ಮತ್ತು ಜೀವನವೆಚ್ಚಕ್ಕೆ ಸಾಲುವಷ್ಟು ಹಣ ಇದೆಯೆಂದು ತೋರಿಸಬೇಕು. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ದಿನಾಂಕ ಸಹಿತವಾದ ಇಂಗ್ಲಿಷ್ ಪ್ರಮಾಣಪತ್ರ, ಶಿಕ್ಷಣ ಸಾಲ ಮಂಜೂರಾತಿಯ ಪತ್ರ, ಖರ್ಚು ಭರಿಸುವುದಾಗಿ ತಂದೆತಾಯಿ ಕೊಡುವ ಅಫಿಡವಿಟ್ ಇವು ನಡೆಯುತ್ತವೆ. ಎರಡು ಎಕರೆ ಅಡಿಕೆ ತೋಟದ ಪಹಣಿಯನ್ನೂ ಮನೆಯ ಮೌಲ್ಯಮಾಪನವನ್ನೂ ಕಳುಹಿಸಿದರೆ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಡಲೇ ತೆಗೆಯಬಹುದಾದ ಹಣವನ್ನಷ್ಟೇ ನೋಡುತ್ತಾರೆ. ಐ-20 ಕೈಗೆ ಬಂದಾಗ ಹೆಸರು, ಜನ್ಮದಿನಾಂಕಗಳನ್ನು ಪಾಸ್‌ಪೋರ್ಟಿನೊಂದಿಗೆ ಹೋಲಿಸಿ ನೋಡಿ, ತಪ್ಪಿದ್ದರೆ ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ 350 ಡಾಲರ್ ಕಟ್ಟುವ ಮೊದಲೇ ಶಾಲೆಗೆ ತಿಳಿಸಿ.

ಕೊನೆಯ ಸೆಮಿಸ್ಟರಿನಲ್ಲಿದ್ದಾಗ ಅರ್ಜಿ ಹಾಕಿದವರು ಫಲಿತಾಂಶ ಬಂದ ಮೇಲೆ ಪದವಿಯ ದಿನಾಂಕವಿರುವ ಅಂತಿಮ ಟ್ರಾನ್ಸ್‌ಕ್ರಿಪ್ಟನ್ನು ಅದೇ ದಾರಿಯಲ್ಲಿ ಮತ್ತೆ ಕಳುಹಿಸಬೇಕು. ಅದು ತಲುಪುವ ತನಕ ಪ್ರವೇಶ ಷರತ್ತಿಗೆ ಒಳಪಟ್ಟೇ ಇರುತ್ತದೆ. ಕೈಯಲ್ಲಿಟ್ಟುಕೊಂಡ ಮೂರನೆಯ ಲಕೋಟೆಯನ್ನು ಕುತೂಹಲಕ್ಕೂ ಒಡೆಯದೆ, ಮೂಲ ಅಂಕಪಟ್ಟಿಗಳ ಜೊತೆ ವಿಮಾನದಲ್ಲಿ ಕೈಚೀಲದಲ್ಲಿಯೇ ಒಯ್ಯಿರಿ. ನೋಂದಣಿಯ ದಿನ ಶಾಲೆಯ ಕಚೇರಿಯವರು ಕೇಳಿದರೆ ಅದನ್ನು ಒಡೆಯಬೇಕಾದವರು ಅವರೇ.