ಸೋನೋಗ್ರಫಿ ರಿಪೋರ್ಟಿನಲ್ಲಿ ‘ಸಿಂಪಲ್ ಸಿಸ್ಟ್’ ಅಂತಿದ್ದರೆ ಏನು ಮಾಡಬೇಕು

ಹೊಟ್ಟೆನೋವು ಅಂತಲೋ, ಮುಟ್ಟು ಏರುಪೇರಾಗಿದೆ ಅಂತಲೋ ಸೋನೋಗ್ರಫಿ ಮಾಡಿಸುತ್ತೀರಿ. ರಿಪೋರ್ಟಿನ ಕೊನೆಯಲ್ಲಿ ‘ರೈಟ್ ಓವೇರಿಯನ್ ಸಿಂಪಲ್ ಸಿಸ್ಟ್’ ಅಂತ ಒಂದು ಸಾಲು, ಅಂದರೆ ಬಲಗಡೆಯ ಅಂಡಾಶಯದಲ್ಲಿ ಒಂದು ನೀರಿನ ಗುಳ್ಳೆ. ಮನೆ ಮುಟ್ಟುವಷ್ಟರಲ್ಲಿ ಅದು ‘ಗಡ್ಡಿ’ ಆಗಿರುತ್ತದೆ, ಸಂಜೆಗೆ ಮುಧೋಳದ ಚಿಗವ್ವನ ಫೋನು ಬರುತ್ತದೆ: “ಕ್ಯಾನ್ಸರ್ ಗಿನ್ಸರ್ ಇದ್ದೀತವಾ, ಒಮ್ಮಿ ತಗಸಿಬಿಡ್ರಿ.” ತೆಗೆಸುವ ಮಾತು ಆಮೇಲೆ. ಮೊದಲು ರಿಪೋರ್ಟ್ ಓದೋಣ.

ಅಳತೆಯಿಂದ ಶುರು ಮಾಡಿ. ಬಹಳ ಜನ ಹೆದರುವುದೇ ಇಲ್ಲಿ. ‘42 x 38 ಎಂಎಂ’ ಅಂತ ಬರೆದಿರುತ್ತಾರೆ, ನಮ್ಮ ಕಣ್ಣಿಗೆ ಬರೀ 42 ಕಾಣುತ್ತದೆ. ಅದು ಮಿಲಿಮೀಟರ್. ಹತ್ತರಿಂದ ಭಾಗಿಸಿದರೆ 4.2 ಸೆಂ.ಮೀ., ಅಂದರೆ ಒಂದು ನಿಂಬೆಹಣ್ಣಿನಷ್ಟು. ಇನ್ನು ಮುಟ್ಟಾಗುವ ವಯಸ್ಸಿನಲ್ಲಿ 3 ಸೆಂ.ಮೀ. ತನಕದ್ದನ್ನು ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾಕೆಂದರೆ ಪ್ರತಿ ತಿಂಗಳು ಅಂಡಾಶಯದಲ್ಲಿ ಒಂದು ನೀರಿನ ಗುಳ್ಳೆ ಬೆಳೆದು, ಸುಮಾರು 2 ಸೆಂ.ಮೀ. ಆದಾಗ ಒಡೆದು, ಅಂಡಾಣು ಹೊರಗೆ ಬರುತ್ತದೆ. ಕೆಲವು ಸಲ ಆ ಗುಳ್ಳೆ ಒಡೆಯದೆ ಹಾಗೇ ದೊಡ್ಡದಾಗುತ್ತದೆ. ಈ ವಯಸ್ಸಿನಲ್ಲಿ ಕಾಣುವ ಸಿಂಪಲ್ ಸಿಸ್ಟುಗಳಲ್ಲಿ ಹೆಚ್ಚಿನವು ಇಂಥವೇ, ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಹೋಗುತ್ತವೆ.

ಅಳತೆಗಿಂತ ಮುಖ್ಯವಾದದ್ದು ಗುಳ್ಳೆಯ ಒಳಗೆ ಏನಿದೆ ಅನ್ನುವುದು. ರಿಪೋರ್ಟಿನಲ್ಲಿ ‘ಅನೆಕೋಯಿಕ್’, ‘ಥಿನ್ ವಾಲ್’, ‘ನೋ ಸೆಪ್ಟೇಶನ್’, ‘ನೋ ಸಾಲಿಡ್ ಕಾಂಪೊನೆಂಟ್’ ಅಂತ ಇದೆಯಾ ನೋಡಿ. ಇದ್ದರೆ ಒಳಗೆ ಬರೀ ತಿಳಿನೀರು, ಗೋಡೆ ತೆಳ್ಳಗೆ ನುಣುಪಾಗಿದೆ, ನಡುವೆ ಪರದೆ ಇಲ್ಲ, ಗಟ್ಟಿ ಭಾಗ ಇಲ್ಲ. ನಿಜವಾದ ಸಿಂಪಲ್ ಸಿಸ್ಟ್ ಅಂದರೆ ಇದೇ. ಅದರ ಬದಲು ‘ಕಾಂಪ್ಲೆಕ್ಸ್’, ‘ಥಿಕ್ ಸೆಪ್ಟಾ’, ‘ಪ್ಯಾಪಿಲ್ಲರಿ ಪ್ರೊಜೆಕ್ಷನ್’, ‘ವ್ಯಾಸ್ಕ್ಯುಲಾರಿಟಿ’, ‘ಅಸೈಟಿಸ್’ ಅಂತೇನಾದರೂ ಕಂಡರೆ ಈ ಬರಹ ನಿಮಗಲ್ಲ. ಕ್ಯಾನ್ಸರ್ ಅಂತ ಅಲ್ಲ, ಆದರೆ ಸ್ತ್ರೀರೋಗ ತಜ್ಞರನ್ನು ಬೇಗ ಕಾಣಬೇಕು. ಈಗೀಗ ಕೆಲವು ರಿಪೋರ್ಟಿನಲ್ಲಿ ‘ಓ-ರಾಡ್ಸ್’ ಅಂತ ಒಂದು ನಂಬರ್ ಹಾಕುತ್ತಾರೆ. 2 ಇದ್ದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ 1ಕ್ಕಿಂತ ಕಡಿಮೆ. 4 ಇದ್ದರೆ 10ರಿಂದ 50ರ ನಡುವೆ. 5 ಅಂದರೆ ಅದಕ್ಕೂ ಜಾಸ್ತಿ.

ಹಾಗಾದರೆ ಸಿಂಪಲ್ ಸಿಸ್ಟ್ ಕ್ಯಾನ್ಸರ್ ಆಗುವುದೇ ಇಲ್ವಾ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1997ರಿಂದ 2008ರವರೆಗೆ ಸ್ಕ್ಯಾನ್ ಮಾಡಿಸಿಕೊಂಡ ಸುಮಾರು 72,000 ಹೆಂಗಸರ ದಾಖಲೆ ಇಟ್ಟುಕೊಂಡು ಇದನ್ನೇ ನೋಡಿದ್ದಾರೆ. 50ರೊಳಗಿನವರಲ್ಲಿ ಸಿಂಪಲ್ ಸಿಸ್ಟ್ ಇದ್ದವರು 12,957 ಮಂದಿ, ಅವರಲ್ಲಿ ಒಬ್ಬರಿಗೂ ಅಂಡಾಶಯದ ಕ್ಯಾನ್ಸರ್ ಕಾಣಿಸಲಿಲ್ಲ. 50 ದಾಟಿದವರಲ್ಲಿ 2,349 ಮಂದಿಗೆ ಸಿಸ್ಟ್ ಇತ್ತು, ಕ್ಯಾನ್ಸರ್ ಕಂಡದ್ದು ಒಬ್ಬರಿಗೆ. ಇನ್ನೊಂದು ಮಾತು, 50ರೊಳಗಿನವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಇಂಥ ಸಿಸ್ಟ್ ಇತ್ತು. ನಿಮ್ಮ ಓಣಿಯಲ್ಲೇ ಎಷ್ಟೋ ಜನರಿಗೆ ಇರಬಹುದು, ಸ್ಕ್ಯಾನ್ ಮಾಡಿಸಿಲ್ಲ ಅಷ್ಟೇ.

ಇನ್ನು ಮಾಡಬೇಕಾದ್ದು. ಮುಟ್ಟು ಇನ್ನೂ ನಿಂತಿಲ್ಲ, ಸಿಸ್ಟ್ 5 ಸೆಂ.ಮೀ. ಒಳಗಿದೆ, ನೋವಿಲ್ಲ ಅಂದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ, ಮತ್ತೆ ಸ್ಕ್ಯಾನೂ ಬೇಕಿಲ್ಲ. 5ರಿಂದ 7 ಇದ್ದರೆ ಡಾಕ್ಟರು ಹೇಳಿದ ಹೊತ್ತಿಗೆ ಮತ್ತೊಮ್ಮೆ ನೋಡಿಸಿ. 7 ದಾಟಿದರೆ ಸೋನೋಗ್ರಫಿಯಲ್ಲಿ ಇಡೀ ಸಿಸ್ಟ್ ಸರಿಯಾಗಿ ಕಾಣುವುದು ಕಷ್ಟ, ಎಂಆರ್‌ಐ ಅಥವಾ ಆಪರೇಷನ್ ಮಾತು ಬರುವುದು ಅಲ್ಲಿಂದ. ಮುಟ್ಟು ನಿಂತ ಅವ್ವಂದಿರ ಲೆಕ್ಕ ಸ್ವಲ್ಪ ಬೇರೆ. ಅವರಲ್ಲಿ ಸಣ್ಣದಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ, ಅಂಡಾಶಯದ ಕ್ಯಾನ್ಸರಿನ ಸುಳಿವಿಗಾಗಿ ನೋಡುವ ಸಿಎ-125 ರಕ್ತಪರೀಕ್ಷೆ ಮಾಡಿಸಿ, ನಾಲ್ಕಾರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸುವುದು ರೂಢಿ. ತಾಯಿಗೋ ಅಕ್ಕತಂಗಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಡಾಕ್ಟರು ಕೇಳುವ ತನಕ ಕಾಯದೆ ನೀವೇ ಹೇಳಿ.

ಸಿಎ-125 ಬಗ್ಗೆ ಒಂದು ಎಚ್ಚರ. ಸಾಮಾನ್ಯವಾಗಿ 35ರ ತನಕ ನಾರ್ಮಲ್ ಅನ್ನುತ್ತಾರೆ. ಆದರೆ ಮುಟ್ಟಾದಾಗ, ಬಸಿರಿದ್ದಾಗ, ಗರ್ಭಚೀಲದಲ್ಲಿ ಫೈಬ್ರಾಯ್ಡ್ ಅನ್ನುವ ಗಂಟು ಇದ್ದಾಗ, ಗರ್ಭಚೀಲದ ಒಳಪದರದಂಥದ್ದು ಚೀಲದ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್ ಇದ್ದಾಗ, ಹೊಟ್ಟೆಯ ಟಿಬಿ ಇದ್ದಾಗಲೂ ಅದು ಏರುತ್ತದೆ. ಹೊಟ್ಟೆಯ ಟಿಬಿಯಲ್ಲಂತೂ ನೂರಾರು ತಲುಪಿ ಮನೆಮಂದಿಯನ್ನೆಲ್ಲ ಅಳಿಸುವುದುಂಟು. ಚಿಕ್ಕ ವಯಸ್ಸು, ಸಿಂಪಲ್ ಸಿಸ್ಟ್ ಅಂದಾಗ ಈ ಟೆಸ್ಟ್ ಬೇಕಾಗಿಲ್ಲ. ಪ್ಯಾಕೇಜಿನಲ್ಲಿ ಸೇರಿದೆ ಅಂತ ಸುಮ್ನೆ ಮಾಡಿಸಿ, 41 ಬಂತು ಅಂತ ರಾತ್ರಿಯೆಲ್ಲ ನಿದ್ದೆಗೆಡಬೇಡಿ.

ಸಿಸ್ಟ್ ಕರಗಿಸುತ್ತದೆ ಅಂತ ಕೊಡುವ ಗುಳಿಗೆಯ ಕಥೆಯೂ ಹೀಗೇ. ಗರ್ಭನಿರೋಧಕ ಗುಳಿಗೆ ತೆಗೆದುಕೊಂಡರೆ ಇರುವ ಸಿಸ್ಟ್ ಬೇಗ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಹೋಗುವುದಿದ್ದರೆ ಗುಳಿಗೆ ಇಲ್ಲದೆಯೂ ಹೋಗುತ್ತದೆ. ಬೇರೆ ಕಾರಣಕ್ಕೆ ಬರೆದಿದ್ದರೆ ಸರಿ, ಯಾವ ಕಾರಣಕ್ಕೆ ಅಂತ ಕೇಳಿ ತಿಳಿದುಕೊಳ್ಳಿ.

ನನಗೆ ಸಿಟ್ಟು ಬರುವ ವಿಷಯ ಬೇರೆಯೇ ಇದೆ. ಅಂಡಾಶಯದ ನೀರುಗುಳ್ಳೆಗೆ ಗರ್ಭಚೀಲ ತೆಗೆಸಿಕೊಂಡವರು ನಮ್ಮ ಕಡೆ ಹಳ್ಳಿಗಳಲ್ಲಿ ಸಿಗುತ್ತಾರೆ. ಹೇಗೂ ಮಕ್ಕಳಾಗಿವೆ, ಮುಂದೆ ಕ್ಯಾನ್ಸರ್ ಆಗುವುದು ಬೇಡ ಅನ್ನುವ ಒಂದೇ ಮಾತಿಗೆ ಒಪ್ಪಿರುತ್ತಾರೆ. ಗರ್ಭಚೀಲ ಬೇರೆ, ಅಂಡಾಶಯ ಬೇರೆ. ಚೀಲ ತೆಗೆಯುವುದು ಸಿಸ್ಟಿಗೆ ಚಿಕಿತ್ಸೆಯೇ ಅಲ್ಲ. ಆಪರೇಷನ್ ಅಂದಾಗ ಮೂರು ಪ್ರಶ್ನೆ ಕೇಳಿ: ಏನು ತೆಗೆಯುತ್ತೀರಿ, ಸಿಸ್ಟ್ ಅಷ್ಟೇನಾ ಅಂಡಾಶಯವೂನಾ? ಈಗಲೇ ಯಾಕೆ? ಮೂರು ತಿಂಗಳು ಕಾದರೆ ಏನಾಗುತ್ತದೆ? ಉತ್ತರ ಸಮಾಧಾನ ತರದಿದ್ದರೆ ಬೆಳಗಾವಿಯ ಬಿಮ್ಸ್, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು, ಯಾವುದು ಹತ್ತಿರವೋ ಅಲ್ಲಿ ಇನ್ನೊಬ್ಬ ತಜ್ಞರಿಗೆ ಅದೇ ರಿಪೋರ್ಟ್ ತೋರಿಸಿ. ಇದರಲ್ಲಿ ಡಾಕ್ಟರಿಗೆ ಅವಮಾನ ಏನೂ ಇಲ್ಲ.

ಕ್ಯಾನ್ಸರಿಗೆ ಸಂಬಂಧವೇ ಇಲ್ಲದ, ಆದರೆ ಒಂದು ಗಂಟೆಯೂ ತಡ ಮಾಡಬಾರದ ಸಂಗತಿ ಒಂದಿದೆ. ದೊಡ್ಡ ಸಿಸ್ಟಿನ ಭಾರಕ್ಕೆ ಅಂಡಾಶಯ ತಿರುಚಿಕೊಳ್ಳಬಹುದು. ಒಮ್ಮೆಲೇ ಕೆಳಹೊಟ್ಟೆಯ ಒಂದು ಪಕ್ಕ ತಡೆಯಲಾರದ ನೋವು, ಜೊತೆಗೆ ವಾಂತಿ. ಕಬ್ಬಿನ ಕಟಾವು ಮುಗಿಯಲಿ, ಬೆಳಗಾಗಲಿ ಅಂತ ನೋವಿನ ಗುಳಿಗೆ ನುಂಗಿ ಮಲಗಿದರೆ ರಕ್ತ ಹರಿಯದೆ ಅಂಡಾಶಯವೇ ಸತ್ತುಹೋಗಬಹುದು. ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ನೋವಿನ ಜೊತೆ ತಲೆಸುತ್ತು, ಮೈ ಬೆವರುವುದು, ಜ್ವರ ಇದ್ದರೂ ಅಷ್ಟೇ.

ಅಂಡಾಶಯದ ಕ್ಯಾನ್ಸರಿನಲ್ಲಿ ಸದ್ದಿಲ್ಲದೆ ಬರುವ ಲಕ್ಷಣಗಳೂ ಇವೆ: ವಾರಗಟ್ಟಲೆ ಇಳಿಯದ ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರ. 50ರ ಆಸುಪಾಸಿನಲ್ಲಿ ಇವು ಶುರುವಾದರೆ ಗ್ಯಾಸ್ ಅಂತ ತಿಂಗಳುಗಟ್ಟಲೆ ಪುಡಿ ನುಂಗಬೇಡಿ. ಹಳೇ ರಿಪೋರ್ಟಿನಲ್ಲಿ ಸಿಂಪಲ್ ಅಂತ ಇದ್ದರೂ ಮತ್ತೆ ತೋರಿಸಿ.

ಮತ್ತೆ ಸ್ಕ್ಯಾನ್ ಮಾಡಿಸುವುದಿದ್ದರೆ ಮುಟ್ಟಾದ ಮೊದಲ ಹತ್ತು ದಿನದೊಳಗೆ ಹೋಗಿ, ಇಲ್ಲವಾದರೆ ಆ ತಿಂಗಳ ಹೊಸ ಗುಳ್ಳೆಯನ್ನೇ ಹಳೇದು ಅಂದುಕೊಳ್ಳುವ ಗೊಂದಲ ಆಗುತ್ತದೆ. ಹೊಟ್ಟೆಯ ಮೇಲಿಂದ ನೋಡುವುದಾದರೆ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಒಳಗಿನಿಂದ ನೋಡುವ ಟಿವಿಎಸ್ ಆದರೆ ಮೂತ್ರ ಮಾಡಿ ಹೋಗಬೇಕು, ಅದರಲ್ಲಿ ಸಿಸ್ಟ್ ಇನ್ನೂ ಚೆನ್ನಾಗಿ ಕಾಣುತ್ತದೆ. ಜವಳಿ ಅಂಗಡಿ ಕ್ಯಾರಿಬ್ಯಾಗಿನಲ್ಲಿ ಮಡಚಿಟ್ಟ ಹಳೇ ರಿಪೋರ್ಟು, ಫಿಲ್ಮು ಎಲ್ಲವನ್ನೂ ಒಯ್ಯಿರಿ. ಡಾಕ್ಟರು ಹೊಸ ಅಳತೆಯನ್ನು ಅದರ ಪಕ್ಕ ಇಟ್ಟೇ ನೋಡುವುದು.